ಎಲೆಯ ಬೆವರು ಕುಡಿಸಿದ ದೊಡ್ಡಪ್ಪ

ನಮ್ಮ ದೊಡ್ಡಪ್ಪನಿಗೆ ಮನುಷ್ಯರ ಮೇಲೆ ದ್ವೇಷವೇನೂ ಇಲ್ಲ. ಆದರೆ ನೀವೊಮ್ಮೆ ಅವರ ಮನೆಗೆ ಹೋಗಿ ನೋಡಿ. ಮಟಮಟ ಮಧ್ಯಾಹ್ನ ತಾಯಲೂರಿನಲ್ಲಿ ಬಸ್ಸಿಳಿದು, ನಾಲಿಗೆ ಅಂಗುಳಕ್ಕೆ ಅಂಟಿಕೊಂಡು, ಹೇಗೋ ನಡೆದು ಬಂದು ಗೇಟು ದೂಡುತ್ತೀರಿ. ಅವರು ಕೇಳುವ ಮೊದಲ ಪ್ರಶ್ನೆ ಯಾವುದು? "ಚೆನ್ನಾಗಿದ್ದೀಯಾ" ಎಂದೇ? ಅಲ್ಲವೇ ಅಲ್ಲ! "ತಿರುವಿನಲ್ಲಿರೋ ಹೊಂಗೆ ಗಿಡ ಎಲೆ ಜೋಲು ಹಾಕ್ಕೊಂಡಿತ್ತಾ?" ಎಂದು. ಎದುರಿಗೆ ನೀವೇ ಜೋಲುಮೋರೆ ಹಾಕಿಕೊಂಡು ನಿಂತಿದ್ದೀರಲ್ಲ, ಅದು ಅವರ ಕಣ್ಣಿಗೆ ಬೀಳುವುದಿಲ್ಲ. ಮನುಷ್ಯರಿಗೆ ಕಾಲಿದೆ, ನೀರಿರುವ ಕಡೆ ನಡೆದುಹೋಗಿ ಕುಡಿಯುತ್ತಾರೆ, ಗಿಡ ಪಾಪ ಎಲ್ಲಿಗೆ ಹೋಗಬೇಕು ಎನ್ನುವುದು ಅವರ ನ್ಯಾಯ. ನಿಮಗೆ ಚೊಂಬಿನಲ್ಲಿ ನೀರು ತಂದುಕೊಡುವುದು ದೊಡ್ಡಮ್ಮ.

ಈ ಹುಚ್ಚು ಹುಟ್ಟಿನಿಂದ ಬಂದದ್ದಲ್ಲ. ರಾಗಿ, ಟೊಮೇಟೊ, ಹಿಪ್ಪುನೇರಳೆ ಬೆಳೆದುಕೊಂಡು, ರೇಷ್ಮೆಹುಳು ಸಾಕಿಕೊಂಡು ಎಲ್ಲರಂತೆಯೇ ಇದ್ದವರು. ಯಾವುದೋ ರೈತರ ತರಬೇತಿಗೆ ಹೋದಾಗ ಅಲ್ಲಿ ಯಾರೋ ಒಂದು ಮಾತು ಹೇಳಿಬಿಟ್ಟರಂತೆ: ಬೇರು ಕುಡಿದ ನೀರಿನಲ್ಲಿ ಗಿಡ ತನಗೆಂದು ಇಟ್ಟುಕೊಳ್ಳುವುದು ಅಷ್ಟಿಷ್ಟು, ಉಳಿದದ್ದನ್ನೆಲ್ಲ ಎಲೆ ಗಾಳಿಗೆ ಬಿಟ್ಟುಬಿಡುತ್ತದೆ ಎಂದು. ಪಾತಾಳದಿಂದ ಬೋರ್‌ವೆಲ್ ಎತ್ತಿಕೊಟ್ಟ ನೀರು ಗಾಳಿಪಾಲು! ಅವತ್ತು ರಾತ್ರಿ ದೊಡ್ಡಪ್ಪ ಊಟ ಮಾಡಲಿಲ್ಲವಂತೆ.

ಮರುದಿನ ಹಿತ್ತಲಿನ ಹಿಪ್ಪುನೇರಳೆಯ ಒಂದು ಕೊಂಬೆಗೆ ಪ್ಲಾಸ್ಟಿಕ್ ಕವರು ಕಟ್ಟಿದರು. ಸಂಜೆಗೆ ಒಳಗೆಲ್ಲ ನೀರಿನ ಹನಿ. "ನೋಡ್ರಪ್ಪಾ, ಬೆವರು!" ಎಂದು ಬೀದಿಗೆಲ್ಲ ತೋರಿಸಿದರು. ಅಲ್ಲಿಂದಾಚೆಗೆ ಆ ಹಿತ್ತಲು ಚಿಪ್ಸ್ ಪ್ಯಾಕೆಟ್ ನೇತುಹಾಕಿದ ಅಂಗಡಿಯಂತೆ ಕಾಣತೊಡಗಿತು.

ಅವರ ಮಗಳನ್ನು, ಅಂದರೆ ನಮ್ಮ ಅಕ್ಕನನ್ನು ನೋಡಲು ಮಾಲೂರಿನಿಂದ ಗಂಡಿನ ಕಡೆಯವರು ಬಂದದ್ದು ಇದೇ ಕಾಲದಲ್ಲಿ. ಹುಡುಗನ ತಂದೆ ಬೋರ್‌ವೆಲ್ ಮೋಟಾರು ರಿಪೇರಿ ಮಾಡುವವರು. ಕಾಫಿಗೆ ಮೊದಲು ದೊಡ್ಡಪ್ಪ ತಾವೇ ಒಂದು ಲೋಟ ನೀರು ಕೊಟ್ಟರು. ಅವರು ಗಟಗಟ ಕುಡಿದರು. ಕುಡಿದು ಮುಗಿಸಿದ ಮೇಲೆ ದೊಡ್ಡಪ್ಪ ಹೆಮ್ಮೆಯಿಂದ, ಅದು ಬೋರ್‌ವೆಲ್ ನೀರಲ್ಲ, ಎಲೆಯ ಬೆವರು ಎಂದರು! ಒಳಗೆ ದೊಡ್ಡಮ್ಮ ಹಣೆ ಚಚ್ಚಿಕೊಂಡದ್ದು ಹಜಾರಕ್ಕೆ ಕೇಳಿಸಿತು. ಸಂಬಂಧ ಮುರಿದೇ ಹೋಯಿತು ಎಂದುಕೊಂಡೆವು. ಬೀಗರಾಗಬೇಕಾದವರು ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿ, ಮೋಟ್ರಿಲ್ಲದೆ ನೀರು ಮೇಲಕ್ಕೆ ಹತ್ತುವುದು ಹೇಗೆ ಎಂದು ಕೇಳಿದರು.

"ಎಲೆನೇ ಮೋಟ್ರು ಬೀಗ್ರೇ, ಬಿಸಿಲೇ ಕರೆಂಟು. ಮೇಲೆ ಬೆವರಿ ಬಿಟ್ಟಷ್ಟೂ ಕೆಳಗಿಂದ ಎಳ್ಕೊಳುತ್ತೆ."

"ಮಧ್ಯಾಹ್ನದ ಬಿಸಿಲಿಗೆ ಸುಟ್ಟೋಗಲ್ವಾ?"

"ಬಿಸಿಲು ಜಾಸ್ತಿ ಆದ್ರೆ ಬಾಗಿಲು ಹಾಕ್ಕೊಂಡು ಮಲಗುತ್ತೆ."

ಮುಗಿಯಿತು. ಇಬ್ಬರೂ ಹೋಗಿ ಗಿಡದ ಬುಡದಲ್ಲಿ ಕುಳಿತವರು ಹೊತ್ತು ಮುಳುಗುವವರೆಗೂ ಏಳಲಿಲ್ಲ. ಮದುವೆಯ ಮಾತನ್ನೆಲ್ಲ ಹೆಂಗಸರೇ ಆಡಿ ಮುಗಿಸಿದರು. ಅವತ್ತು ಅವರು ನೋಡಲು ಬಂದದ್ದು ನನ್ನನ್ನೋ ಹಿಪ್ಪುನೇರಳೆಯನ್ನೋ ಎಂದು ಅಕ್ಕ ಈಗಲೂ ಕೇಳುತ್ತಾಳೆ.

ಇನ್ನು ರೇಷ್ಮೆಹುಳುವಿನ ಕಥೆ. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಕೊನೆಯ ಜ್ವರದಿಂದ ಎದ್ದವೆಂದರೆ ಬಕಾಸುರನ ಹೊಟ್ಟೆ! ಬೆಳಗಿನ ತಂಪಿನಲ್ಲೇ ಸೊಪ್ಪು ಕೊಯ್ದು, ಒದ್ದೆ ಗೋಣಿ ಹೊದಿಸಿ ಇಡಬೇಕು. ಬಾಡಿದ ಸೊಪ್ಪನ್ನು ಅವು ಮೂಸುವುದಿಲ್ಲ. ಇದು ಎಲ್ಲರೂ ಮಾಡುವ ಕೆಲಸ. ನಮ್ಮವರು ಒಂದು ಹೆಜ್ಜೆ ಮುಂದೆ ಹೋದರು. ಎಲೆ ಬೆವರುವುದು ಅಡಿಮೈಯ ಸಣ್ಣ ಸಣ್ಣ ಬಾಯಿಗಳಿಂದ ತಾನೆ? ಆ ಬಾಯಿಗಳನ್ನೇ ಮುಚ್ಚಿಬಿಟ್ಟರೆ? ಒಂದು ಬುಟ್ಟಿ ಸೊಪ್ಪಿನ ಒಂದೊಂದು ಎಲೆಗೂ ಹಿಂದುಗಡೆ ಹರಳೆಣ್ಣೆ ಸವರುತ್ತಾ ಕುಳಿತರು. ಸಂಜೆಯಾದರೂ ಎಲೆ ಒಂಚೂರೂ ಬಾಡಲಿಲ್ಲ, ನಿಜ. ಆದರೆ ಹುಳು ಮೂತಿ ತಿರುಗಿಸಿಬಿಟ್ಟವು! ದೊಡ್ಡಮ್ಮ ಆ ಬುಟ್ಟಿಯನ್ನು ಮೇಕೆಯ ಮುಂದೆ ಸುರಿದರು. ಮೇಕೆ ಮೂಸಿ ನೋಡಿ ಆಚೆ ಹೋಯಿತು. ಸಿಟ್ಟು ಬಂದರೆ ತವರಿನ ತೆಲುಗಿಗೆ ತಿರುಗುವ ದೊಡ್ಡಮ್ಮ, "ಮೇಕ ಕೂಡಾ ತಿನಲೇದು ಚೂಡಂಡಿ" ಎಂದು ಬುಟ್ಟಿ ಕುಕ್ಕಿದರು. ಮೇಕೆ ಕೂಡ ತಿನ್ನಲಿಲ್ಲ, ನೋಡಿ ಎಂದು. ಎಲೆಯಂತೂ ಗೆದ್ದಿತಲ್ಲ ಎಂದು ದೊಡ್ಡಪ್ಪ ಮೀಸೆ ತಿರುವಿಕೊಂಡರು.

ಹೀಗೆ ನಕ್ಕುಕೊಂಡೇ ಇದ್ದ ಮನೆಯಲ್ಲಿ ದೊಡ್ಡಮ್ಮನ ಕಿಡ್ನಿ ಕೈಕೊಟ್ಟಿತು.

ಕೋಲಾರದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಶುರುವಾಯಿತು. ಡಾಕ್ಟರು ಒಂದು ಸಣ್ಣ ಬಾಟಲಿ ತೋರಿಸಿ, ದಿನಕ್ಕೆ ಇಷ್ಟೇ ನೀರು ಎಂದರು. ಕಾಫಿ, ಸಾರು, ಮಜ್ಜಿಗೆ ಎಲ್ಲವೂ ಅದರಲ್ಲೇ ಸೇರಬೇಕು. ಒಂದು ಗುಟುಕು ಹೆಚ್ಚಾದರೂ ಕಾಲು ಊದುತ್ತದೆ, ಉಸಿರಿಗೆ ಕಷ್ಟ. ಬಾಟಲಿ ತನ್ನ ಕೈಲಿದ್ದರೆ ಕುಡಿದುಬಿಡುತ್ತೇನೆ, ನೀವೇ ಇಟ್ಟುಕೊಳ್ಳಿ ಎಂದು ದೊಡ್ಡಮ್ಮ ಅದನ್ನು ಗಂಡನ ಕೈಗೇ ಕೊಟ್ಟರು. ದಾರಿಯ ಹೊಂಗೆ ಗಿಡ ಬಾಡಿದರೂ ಸಹಿಸದ ಮನುಷ್ಯ! ಹೆಂಡತಿ ಒಣಗಿದ ತುಟಿ ಸವರಿಕೊಳ್ಳುತ್ತಿದ್ದರೆ ಬಾಟಲಿ ಹಿಡಿದುಕೊಂಡು "ಇನ್ನೊಂದು ಗಂಟೆ ತಡ್ಕೊ ಕಣೇ" ಎನ್ನಬೇಕಾಗಿ ಬಂತು.

ಆಗ ಅವರಿಗೆ ಹೊಳೆದದ್ದು ಮತ್ತದೇ ಗಿಡದ ಪಾಠ. ಎಲೆ ಬೆವರಿದರೆ ತಾನೆ ಬೇರು ಕುಡಿಯುವುದು? ಹಾಗಾದರೆ ಇವಳೂ ಬೆವರಲಿ! ಬೆವರಿದಷ್ಟು ನೀರು ಕೊಡಬಹುದಲ್ಲ! ದೊಡ್ಡಮ್ಮನಿಗೆ ಕಂಬಳಿ ಹೊದಿಸಿ ಅಂಗಳದ ಬಿಸಿಲಿನಲ್ಲಿ ಕೂರಿಸಿಯೇಬಿಟ್ಟರು. ನನ್ನನ್ನೇನು ರಾಗಿ ಅಂದುಕೊಂಡಿರಾ, ಒಣಗಹಾಕಿದ್ದೀರಲ್ಲ ಎಂದು ದೊಡ್ಡಮ್ಮ ನಗುತ್ತಲೇ ಕುಳಿತರು. ಹಣೆಯ ಮೇಲೆ ಹನಿ ಮೂಡಿತು. ದೊಡ್ಡಪ್ಪ ಚೊಂಬು ತರಲು ಓಡಿದರು. ಅಷ್ಟರಲ್ಲಿ ಮಾಲೂರಿನಿಂದ ಬಂದ ಅಕ್ಕ ಇದನ್ನು ನೋಡಿ ಅಮ್ಮನನ್ನು ಒಳಗೆ ಕರೆದುಕೊಂಡು ಹೋದಳು. ಮುಂದಿನ ಸಲ ಆಸ್ಪತ್ರೆಯಲ್ಲಿ ವಿಷಯ ತಿಳಿದ ಡಾಕ್ಟರು ಕನ್ನಡಕ ತೆಗೆದು, "ಇವರು ಗಿಡ ಅಲ್ಲ ಯಜಮಾನ್ರೇ. ಬಿಸಿಲಲ್ಲಿ ಕೂರಿಸಿದ್ರೆ ಪ್ರಾಣಕ್ಕೇ ಅಪಾಯ" ಎಂದರು.

ಕೋಲಾರದಿಂದ ವಾಪಸು ಬರುವಾಗ ನಾನೂ ಬಸ್ಸಿನಲ್ಲಿದ್ದೆ. ಮುಳಬಾಗಿಲು ಬರುವವರೆಗೂ ದೊಡ್ಡಪ್ಪ ಕಿಟಕಿಯಾಚೆ ಒಂದು ಮರವನ್ನೂ ನೋಡಲಿಲ್ಲ. ಹಿತ್ತಲಿನ ಕವರುಗಳನ್ನೂ ಅವತ್ತೇ ಬಿಚ್ಚಿಹಾಕಿದರು.

ಹೋದ ತಿಂಗಳು ಮತ್ತೆ ಹೋಗಿದ್ದೆ. ದೊಡ್ಡಪ್ಪ ಇಳಿದುಹೋಗಿದ್ದರು. ಮನೆಯಲ್ಲಿ ನೀರು ಬೇಡ, ಕಾಫಿ ಬೇಡ, ಮಜ್ಜಿಗೆಯೂ ಬೇಡ. ತೋಟದಲ್ಲಿ ಕುಡಿಯುತ್ತಾರೇನೋ ಎಂದುಕೊಂಡು ಜೊತೆಗೆ ಹೋದೆ. ನಾನು ಪೈಪಿಗೆ ಬಾಯಿ ಕೊಟ್ಟು ಕುಡಿದೆ. ಅವರು ಮುಖ ತೊಳೆದುಕೊಂಡರು, ಅಷ್ಟೇ. ಯಾಕೆ ದೊಡ್ಡಪ್ಪ ಎಂದರೆ, "ಅವಳು ಅಲ್ಲಿ ಹಂಗಿರೋವಾಗ ಗಂಟಲಲ್ಲಿ ಇಳಿಯಲ್ಲ ಕಣೋ" ಎಂದರು.

ನಾವು ಮನೆಗೆ ಬಂದಾಗ ದೊಡ್ಡಮ್ಮ ಜಗುಲಿಯ ಮೇಲೆ ಕುಳಿತಿದ್ದರು. ಅವರಿಗೆ ಎಲ್ಲ ಗೊತ್ತಿತ್ತು. ಗೋಡೆ ಹಿಡಿದುಕೊಂಡು ಎದ್ದುಹೋಗಿ, ಮಡಕೆಯ ತಣ್ಣನೆಯ ನೀರನ್ನು ಚೊಂಬಿನ ತುಂಬ ತಂದು ಗಂಡನ ಮುಂದಿಟ್ಟರು.

"ಬಾಯಾರಿಕೆ ಇಲ್ಲ ಕಣೇ."

"ತುಟಿ ಒಡೆದಿರೋದು ನನಗೆ ಕಾಣ್ಸಲ್ವಾ? ಇಲ್ಲೇ ಕೂತು ಕುಡೀರಿ. ನಿಮ್ಮ ಗಂಟಲಲ್ಲಿ ಇಳಿಯೋದು ನೋಡಿದ್ರೆ ನನಗೂ ಒಂದು ಗುಟುಕು ಇಳಿದಂಗಾಗುತ್ತೆ."

ದೊಡ್ಡಪ್ಪ ಚೊಂಬು ಎತ್ತಿದರು. ಕುಡಿಯುವ ಆತುರಕ್ಕೆ ನೀರು ಗಡ್ಡದ ಮೇಲೆ, ಎದೆಯ ಮೇಲೆ ಸುರಿಯಿತು. ದೊಡ್ಡಮ್ಮ ಗಂಡನ ಗಂಟಲನ್ನೇ ನೋಡುತ್ತಾ, ಸೆರಗಿನಿಂದ ಅವರ ಎದೆ ಒರೆಸಿದರು.

"ನಿಧಾನಕ್ಕೆ," ಎಂದರು. "ಇನ್ನೂ ನಿಧಾನಕ್ಕೆ ಕುಡೀರಿ."