ಇಪ್ಪತ್ನಾಲ್ಕು ಇಂಚಿನ ಹಟ

ಹೆಂಗಸೊಬ್ಬಳು ಕಂಪ್ಯೂಟರ್ ಮಾನಿಟರ್ ಕೊಳ್ಳೋಕೆ ಹೊರಟರೆ ಅವಳಿಗೆ ಬುದ್ಧಿ ಹೇಳೋಕೆ ನಮ್ಮೂರಲ್ಲಿ ಯಾರಿಗೂ ಅರ್ಹತೆ ಬೇಕಿಲ್ಲ. ವಿಜಯನಗರದ ಪಕ್ಕ ಮಾರೇನಹಳ್ಳಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು ಮಾಡಿಕೊಡೋದು ಕೆಲಸ. ಕೇಳದೇ ಇದ್ದರೂ ಸಲಹೆ ಕೊಡುವವರು ದಿನಾ ಸಿಗ್ತಾರೆ. ಕೊಟ್ಟ ಸಲಹೆ ಕೇಳದೇ ಇರೋದನ್ನ ನಾನೂ ಚೆನ್ನಾಗಿ ರೂಢಿಸಿಕೊಂಡಿದ್ದೀನಿ.

ಕುಂಕುಮ ಬಣ್ಣ

ನನ್ನ ಹಳೇ ಮಾನಿಟರಿಗೆ ವಯಸ್ಸಾಗಿ ಬಣ್ಣದ ಜ್ಞಾನವೇ ಹೋಗಿತ್ತು. ಒಂದು ಸಲ ಅದರಲ್ಲಿ ಲಕ್ಷಣವಾಗಿ ಕುಂಕುಮ ಬಣ್ಣ ಕಂಡಿತು ಅಂತ ನಂಬಿ ಒಂದು ಮದುವೆ ಕಾರ್ಡನ್ನ ಪ್ರೆಸ್ಸಿಗೆ ಕಳಿಸಿದೆ. ಕಾರ್ಡು ಹೆಚ್ಚುಕಮ್ಮಿ ಕಪ್ಪಾಗೇ ಬಂತು. ಹುಡುಗಿಯ ತಂದೆ ಕಟ್ಟು ಬಿಚ್ಚಿದರು, ಕನ್ನಡಕ ಒರೆಸಿಕೊಂಡರು, ಮತ್ತೆ ನೋಡಿದರು.

"ಏನಮ್ಮಾ, ಇದು ಮದುವೆಗೆ ಕರೆಯೋದಾ, ವೈಕುಂಠ ಸಮಾರಾಧನೆಗಾ?"

ಅಷ್ಟನ್ನೂ ಮತ್ತೆ ಪ್ರಿಂಟ್ ಹಾಕಿಸಿಕೊಟ್ಟೆ. ಅವತ್ತೇ ತೀರ್ಮಾನ ಮಾಡಿದೆ, ಹೊಸ ಮಾನಿಟರ್ ತರೋದೇ ಸೈ.

ಯಾರನ್ನ ಕೇಳಬೇಕು

ಭಾನುವಾರ ನಾನು, ನಮ್ಮ ಯಜಮಾನರು ರಾಜಾಜಿನಗರದ ಒಂದು ಅಂಗಡಿಗೆ ಹೋದ್ವಿ. ಮಾನಿಟರ್ ಬೇಕು ಅಂತ ಕೇಳಿದ್ದು ನಾನು. ಸೇಲ್ಸ್‌ಮನ್ ಉತ್ತರ ಕೊಟ್ಟಿದ್ದು ಅವರಿಗೆ.

"ಸಾರ್, ಎಷ್ಟು ಇಂಚು ನೋಡ್ತಿದೀರಾ?"

"ಇಪ್ಪತ್ನಾಲ್ಕು" ಅಂದೆ ನಾನು.

"ಸಾರ್, ಮ್ಯಾಟ್ ಫಿನಿಶ್ ಬೇಕಾ, ಗ್ಲಾಸಿನಾ?"

"ಮ್ಯಾಟ್. ನನ್ನ ಅಂಗಡಿಗೆ ಎದುರು ಬಿಸಿಲು. ಗ್ಲಾಸಿ ತಗೊಂಡ್ರೆ ಅದರಲ್ಲಿ ರಸ್ತೆ ಕಾಣುತ್ತೆ, ಅಕ್ಷರ ಕಾಣಲ್ಲ" ಅಂದೆ. ಆತ ನನ್ನ ಕಡೆ ತಿರುಗಲೇ ಇಲ್ಲ.

"ಸಾರ್, ನೀವೇ ಹೇಳಿ, ಸ್ಕ್ರೀನ್ ಯಾವ ಥರದ್ದು ಇರಲಿ?"

ನಮ್ಮ ಯಜಮಾನರು ಕೈ ಮುಗಿದರು. "ಗುರುವೇ, ನಂಗೆ ಗೊತ್ತಿರೋ ಪರದೆ ಅಂದ್ರೆ ಸೊಳ್ಳೆ ಪರದೆ ಒಂದೇ. ಅದನ್ನ ಕಟ್ಟೋದೂ ಇವಳೇ."

ಕೂತ ಗಣಪತಿ

ಆಮೇಲೆ ಆತ ನನಗೇ ಒಂದು ಬಾಗಿದ ಮಾನಿಟರ್ ತೋರಿಸಿದ. "ಇದು ಗೇಮಿಂಗ್‌ದು ಮೇಡಂ. ಸೆಕೆಂಡಿಗೆ ನೂರ ಎಂಬತ್ತು ಸಲ ಚಿತ್ರ ಬದಲಾಗುತ್ತೆ. ಎಷ್ಟು ಜೋರಾಗಿ ಓಡಿದ್ರೂ ಮಬ್ಬಾಗಲ್ಲ."

"ಬಣ್ಣ ಸರಿಯಾಗಿ ತೋರ್ಸುತ್ತಾ?"

"ಬಣ್ಣ... ಸುಮಾರಾಗಿದೆ. ಸ್ಪೀಡ್ ನೋಡಿ ಮೇಡಂ ಸ್ಪೀಡು!"

"ನನ್ನ ಕಾರ್ಡಲ್ಲಿ ಇರೋದು ಗಣಪತಿ ಕಣಪ್ಪಾ. ಕೂತ ಜಾಗ ಬಿಟ್ಟು ಏಳಲ್ಲ, ಇನ್ನು ಓಡೋದೆಲ್ಲಿ!"

ಒತ್ತಕ್ಷರ

ಕೊನೆಗೆ ಎರಡು ಉಳಿದವು, ಎರಡಕ್ಕೂ ಒಂದೇ ರೇಟು. ಒಂದು ಮೂವತ್ತೆರಡು ಇಂಚಿಂದು, ಇನ್ನೊಂದು ಇಪ್ಪತ್ನಾಲ್ಕರದು. ಪೆನ್‌ಡ್ರೈವ್ ಹಾಕಿ ಎರಡರಲ್ಲೂ ಒಂದೇ ಕಾರ್ಡು ತೆಗೆಸಿದೆ. ದೊಡ್ಡದರಲ್ಲಿ 'ಜ್ಯೇಷ್ಠ ಪುತ್ರ'ನ ಒತ್ತುಗಳೆಲ್ಲ ಇಲಿ ಕಡಿದ ಹಾಗಿದ್ದವು. ಚಿಕ್ಕದರಲ್ಲಿ ಒಂದೊಂದು ಒತ್ತೂ ಸ್ಪಷ್ಟ. ಜೊತೆಗೆ ತಂದಿದ್ದ ಪ್ರಿಂಟಾದ ಕಾರ್ಡು ಪಕ್ಕದಲ್ಲಿ ಹಿಡಿದೆ, ಬಣ್ಣವೂ ಹೊಂದಿತು. "ಇದನ್ನೇ ಕೊಡಿ" ಅಂದೆ.

ಹಿಂದೆ ನಿಂತಿದ್ದ ಗಿರಾಕಿಯೊಬ್ಬರಿಗೆ ತಡೆಯಲಿಲ್ಲ. "ಏನು ಮೇಡಂ, ಅದೇ ದುಡ್ಡಿಗೆ ದೊಡ್ಡದು ಸಿಗ್ತಿರುವಾಗ ಚಿಕ್ಕದು ತಗೋತಾರಾ?"

"ಚಪ್ಪಲಿನೂ ಹಾಗೇ ತಗೋತೀರಾ ಸಾರ್?"

ಅವರು ಒಂದು ಸಲ ತಮ್ಮ ಕಾಲು ನೋಡಿಕೊಂಡರು.

ದೊಡ್ಡ ಹೆಸರು

ಈ ಮಾನಿಟರನ್ನ ತಿರುಗಿಸಿ ಉದ್ದಕ್ಕೆ ನಿಲ್ಲಿಸಬಹುದು. ಹಾಗೆ ನಿಲ್ಲಿಸಿದರೆ ಇಡೀ ಕಾರ್ಡು ಅಳತೆಗೆ ಸರಿಯಾಗಿ ಕಾಣುತ್ತೆ. ಮೊನ್ನೆ ಒಬ್ಬ ಮದುವೆ ಹುಡುಗನ ತಂದೆ ಹೆಂಡತಿ ಜೊತೆ ಬಂದರು. ಸ್ಕ್ರೀನಲ್ಲಿ ಕಾರ್ಡು ನೋಡಿದವರೇ ತಂದೆ ಮುಖ ಸಣ್ಣದು ಮಾಡಿದರು.

"ನನ್ನ ಹೆಸರು ಇಷ್ಟೇನಾ? ಎದುರು ಅಂಗಡೀಲಿ ದೊಡ್ಡ ಸ್ಕ್ರೀನ್ ಇದೆ, ಅಲ್ಲಾದ್ರೆ ದೊಡ್ಡದಾಗಿ ಕಾಣುತ್ತೆ."

"ಕಾಣುತ್ತೆ ಸಾರ್. ಕಾರ್ಡಲ್ಲಿ ಬರಲ್ಲ. ನನ್ನ ಹತ್ರ ಎಷ್ಟು ಕಾಣುತ್ತೋ ಅಷ್ಟೇ ಬರೋದು."

"ಹಾಗಾದ್ರೆ ನಾನು ಅಲ್ಲೇ ಮಾಡಿಸ್ಕೋತೀನಿ."

"ಧಾರಾಳವಾಗಿ ಹೋಗಿ ಸಾರ್" ಅಂದೆ. ಗಿರಾಕಿ ಹೋದರೂ ಸರಿ, ಸುಳ್ಳು ಅಳತೆ ತೋರಿಸೋಕೆ ನಾನು ತಯಾರಿರಲಿಲ್ಲ. ಹೆಂಡತಿಯನ್ನ ಕರಕೊಂಡು ರಸ್ತೆ ದಾಟಿ ಹೋದರು.

ಅರ್ಧ ಗಂಟೆಯಾಗಿತ್ತು. ಆಕೆ ಒಬ್ಬರೇ ದಾಪುಗಾಲು ಹಾಕ್ಕೊಂಡು ವಾಪಸ್ ಬಂದು ನನ್ನ ಮುಂದೆ ಕೂತರು.

"ನೀನೇ ಮಾಡಮ್ಮಾ, ಇಲ್ಲೇ, ಈ ಅಳತೇಲೇ. ಅಲ್ಲಿ ನಮ್ಮನೆಯವರು ಗೋಡೆಯಗಲ ತಮ್ಮ ಹೆಸರು ಮಾಡಿಸಿದಾರೆ, ಮೂಲೇಲಿ ನನ್ನ ಮಗಂದು. ಹಾಗೇ ಪ್ರಿಂಟ್ ಹಾಕಿ ಅಂತ ಕೂತಿದಾರೆ. ಅದನ್ನ ನೋಡಿದ ಜನ ಇವರ ತಲೆ ಮೇಲೇ ಅಕ್ಷತೆ ಹಾಕ್ತಾರೆ. ಈ ಮನುಷ್ಯನ್ನ ಇನ್ನೊಂದು ಸಲ ಕಟ್ಕೊಳ್ಳೋ ಶಕ್ತಿ ನಂಗಿಲ್ಲ!"