ಮಾವನ ಗೋಡೆಯನ್ನು ಒಮ್ಮೆ ನೂಕಿ ನೋಡಿ

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎನ್ನುವವರ ಮಾತನ್ನು ನಂಬಬೇಡಿ. ಕೆಟ್ಟಿರುವುದು ಅರ್ಧ ಮಾತ್ರ! ಉಳಿದರ್ಧದಲ್ಲಿ ಭೂಕಂಪ ತುಂಬಿಕೊಂಡಿದೆ.

ಯಾರ ಮನೆಗೆ ಹೋದರೂ ಮಾವ ಮೊದಲು ಚಪ್ಪಲಿ ಬಿಡುತ್ತಾನೆ, ಆಮೇಲೆ ಗೋಡೆಗೆ ಹೆಗಲು ಕೊಟ್ಟು ನೂಕುತ್ತಾನೆ. ಬೆಳಗಾವಿಯ ಖಾಸಬಾಗದಲ್ಲಿ ನನಗೆ ಹೆಣ್ಣು ನೋಡಲು ಹೋದಾಗಲೂ ಬಿಡಲಿಲ್ಲ. ಹುಡುಗಿಯ ತಂದೆ "ಏನ್ ಮಾಡಾಕತ್ತೀರಿ?" ಎಂದು ಗಾಬರಿಯಾದರೆ, "ನಿಮ್ಮ ಗೋಡಿ ಅಲ್ಲಾಡವಲ್ದರೀ. ಅಲ್ಲಾಡದ್ದು ಒಮ್ಮೆಗೇ ಬೀಳ್ತೈತಿ" ಎಂದ. ಸಂಬಂಧವೂ ಒಮ್ಮೆಗೇ ಬಿತ್ತು!

ಮಾವನ ಕೆಲಸ ಆಟೋ ನಗರದಲ್ಲಿ ಲಾರಿಗಳಿಗೆ ಮರದ ಬಾಡಿ ಕಟ್ಟುವುದು. ಲೋಡು ಹೊತ್ತ ಲಾರಿ ಜಾಂಬೋಟಿ ರಸ್ತೆಯ ಗುಂಡಿಗಳಲ್ಲಿ ಕಿರ್ರೆನ್ನುತ್ತ ಓಲಾಡಿದರೂ ಬಾಡಿ ಬಿಚ್ಚಿಕೊಳ್ಳುವುದಿಲ್ಲವಲ್ಲ? ಮನೆಯನ್ನೂ ಹಾಗೇ ಏಕೆ ಕಟ್ಟಬಾರದು? ಕಟ್ಟಿಯೇ ಬಿಟ್ಟ, ಖಾನಾಪುರದಲ್ಲಿ! ಮತ್ತಿಮರದ ಚೌಕಟ್ಟು, ಮೂಲೆಯಿಂದ ಮೂಲೆಗೆ ಓರೆ ಪಟ್ಟಿ, ನಡುವೆ ಮಣ್ಣು ಮೆತ್ತಿದ ಬಿದಿರು ತಟ್ಟಿ, ಕೂಡುವಲ್ಲೆಲ್ಲ ಲಾರಿಯ ಕಬ್ಬಿಣದ ಪಟ್ಟಿ. ಅಂಚೆಯವನು ಅಂಗಳದಲ್ಲಿ ನಿಂತು, "ಗಾಡಿ ಯಾವಾಗ ಹೊಂಡತೈತ್ರಿ?" ಎಂದು ಕೇಳಿದನಂತೆ.

ವಾಸ್ತುಶಾಂತಿಯ ದಿನ ಬಂದವರು ಆಯೇರಿ, ಉಡುಗೊರೆ ಕೊಡುವಂತಿಲ್ಲ, ಒಬ್ಬೊಬ್ಬರಾಗಿ ಗೋಡೆ ನೂಕಬೇಕು! ನೂಕಿದೆವು. ಗೋಡೆ ಕಿರ್ರೆಂದು ಬಾಗಿ ಮತ್ತೆ ನೆಟ್ಟಗಾಯಿತು. ಎಲ್ಲರೂ ನಕ್ಕು, ಹೋಳಿಗೆ ತಿಂದು, ಬಸ್ಸು ಹಿಡಿದರು. ಯಾರಿಗಾಗಿ ಮನೆ ಕಟ್ಟಿದ್ದನೋ ಆ ನಮ್ಮ ಅತ್ತೆ ಮಾತ್ರ ಬಂದಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ನೆಲ ಸಣ್ಣಗೆ ನಡುಗಿ, ಅವರ ಬಾಡಿಗೆ ಮನೆಯ ಕಲ್ಲಿನ ಗೋಡೆ ಅತ್ತೆಯ ಪಕ್ಕದಲ್ಲೇ ಕುಸಿದಿತ್ತು. ಪೆಟ್ಟೇನೂ ಆಗಲಿಲ್ಲ. ಆದರೆ ಸಂಜೆ ಬೆಳಗಾವಿಯ ತನ್ನ ಅಕ್ಕನ ಮನೆಗೆ ಹೋದವಳು ಮರಳಲೇ ಇಲ್ಲ. ಗೋಡೆಗೆ ಹೆದರಿದ್ದಾಳೆ ಎಂದುಕೊಂಡೆವು. ಗಟ್ಟಿ ಗೋಡೆ ಕಟ್ಟಿದರೆ ಬಂದಾಳು ಎಂಬುದೇ ಮಾವನ ಲೆಕ್ಕ. ಅಲ್ಲಿಯವರೆಗೆ ಅವನೊಬ್ಬನೇ. ನಾನು ಹೊರಟು ನಿಂತರೆ, "ಇನ್ನೊಮ್ಮೆ ನೂಕಿ ಹೋಗೋ" ಎನ್ನುತ್ತಿದ್ದ. ಆ ನೆಪದಲ್ಲಾದರೂ ಮನೆಯಲ್ಲಿ ಇನ್ನೊಬ್ಬರ ದನಿ ಇರಲಿ ಎಂಬ ಆಸೆ. ನನಗೆ ನಗು ಬರುತ್ತಿತ್ತು, ಆದರೂ ಚಪ್ಪಲಿ ಬಿಟ್ಟು ಮತ್ತೊಮ್ಮೆ ನೂಕುತ್ತಿದ್ದೆ.

ಕಳೆದ ತಿಂಗಳು ಹೇಗೋ ಒಪ್ಪಿಸಿ ಅತ್ತೆಯನ್ನು ಕರೆದೊಯ್ದೆ. ಮಾವ ಓರೆ ಪಟ್ಟಿ ತೋರಿಸಿದ್ದೇ ತೋರಿಸಿದ್ದು! "ನೂಕು, ಒಂದ್ಸಲ ನೂಕಿ ನೋಡು. ಖರೇನ ಬೀಳೂದಿಲ್ಲ."

ಅತ್ತೆ ನೂಕಲಿಲ್ಲ. "ಗೋಡಿ ಚಲೋ ಐತ್ರಿ. ಆದ್ರ ನಾ ಗೋಡಿಗೆ ಅಂಜಿ ಹೋಗಿದ್ದಿಲ್ಲ. ಅವತ್ತ ನೀವು ನನ್ನ ಒಳಗ ಬಿಟ್ಟು ಅಂಗಳಕ್ಕ ಓಡಿದ್ರಿ. ಓಡಿದ್ದು ಇರ್ಲಿ, ಜೀವದ ಅಂಜಿಕಿ ಯಾರಿಗಿಲ್ಲ? ಹೊರಗ ನಿಂತು ನನ್ನ ಒಮ್ಮೆ ಕರೀಬಾರದಿತ್ತೇನ್ರಿ?"

ಅತ್ತೆ ಕೈಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ನಾನೂ ಹಿಂದೆಯೇ ಹೊರಟೆ.

ನಮ್ಮ ಮನೆತನದ ಹಿರಿಯರು ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದಿಲ್ಲ. "ಏ, ಕೇಳ್ತೇನ?" ಎಂದರೆ ಮುಗಿಯಿತು. ಅತ್ತೆಯ ಹೆಸರನ್ನು ಮಾವನ ಬಾಯಲ್ಲಿ ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವತ್ತು ಬೆನ್ನ ಹಿಂದೆ ಕೇಳಿತು. ಓಣಿಯ ಜನ ಹೊರಗೆ ಬಂದು ನೋಡುವಷ್ಟು ಜೋರಾಗಿ, ಒಡೆದ ದನಿಯಲ್ಲಿ.

ಅತ್ತೆ ನಿಂತಳು. ಸೆರಗಿನಿಂದ ಕಣ್ಣೊರೆಸಿಕೊಂಡು, ತಿರುಗದೆಯೇ, "ಓ" ಎಂದಳು.