ಡ್ರಮ್ಮಿನೊಳಗಿನ ಕೋಳಿ

ಇವತ್ತು ಮಾಡಿದ ಕೆಲಸಗಳು: ಐದೂವರೆಗೆ ನಲ್ಲಿಯಲ್ಲಿ ನೀರು ಬಂತು, ಎದ್ದು ಎರಡು ಡ್ರಮ್ಮು ತುಂಬಿಸಿದೆ. ಹಾಲು ಕಾಯಿಸಿದೆ, ಒಂದಿಷ್ಟು ಉಕ್ಕಿಸಿದೆ, ಒಲೆ ಒರೆಸಿದೆ. ತಮ್ಮನಿಗೆ ಬರಿಹೊಟ್ಟೆಯ ಮಾತ್ರೆ ಕೊಟ್ಟು, ನುಂಗುವವರೆಗೆ ಎದುರಿಗೆ ನಿಂತೆ. ನಮ್ಮವರ ಡಬ್ಬಿಗೆ ಚಪಾತಿ, ಹೆಸರುಕಾಳಿನ ಪಲ್ಯ ತುಂಬಿದೆ. ಅವರ ಅಂಗಿಗೆ ಗುಂಡಿ ಹಚ್ಚಿದೆ. ಬಾಲ್ಕನಿಯ ಪಾರಿವಾಳಗಳನ್ನು ನಾಲ್ಕು ಸಲ ಓಡಿಸಿದೆ. ಐದನೆಯ ಸಲ ಅವೇ ನನ್ನನ್ನು ಒಳಗೆ ಓಡಿಸಿದವು. ಸೋಮವಾರವಾದ್ದರಿಂದ ತಲೆಗೆ ನೀರು, ಪೂಜೆ, ವಿಭೂತಿ. ಆಮೇಲೆ ಎರಡು ಮೊಟ್ಟೆ ಬೇಯಿಸಿದೆ. ಹನ್ನೊಂದು ಗಂಟೆಗೆ ಅವೇ ಎರಡು ಮೊಟ್ಟೆಗಳನ್ನು ಕೆಳಗಿಳಿದು ವಾಚ್‌ಮನ್‌ನ ಮನೆಗೆ ಕೊಟ್ಟು ಬಂದೆ.

ಕೊನೆಯ ಎರಡು ಕೆಲಸಗಳು ಹದಿನೆಂಟು ದಿನಗಳಿಂದ ತಪ್ಪದೆ ನಡೆಯುತ್ತಿವೆ. ವಾಚ್‌ಮನ್‌ನ ಹೆಂಡತಿ ಮಕ್ಕಳ ಕೆನ್ನೆ ತುಂಬಿಕೊಂಡಿವೆ. ನನ್ನ ತಮ್ಮನ ಕೆನ್ನೆ ಇದ್ದಲ್ಲೇ ಇದೆ, ಅಂದರೆ ಒಳಗೆ.

ತಮ್ಮನ ಹೆಸರು ಶರಣು. ವಯಸ್ಸು ನಲವತ್ತೈದು, ಮದುವೆಯ ಮಾತು ಬಂದಾಗಲೆಲ್ಲ ಯಾವುದೋ ಲಿಫ್ಟು ಕೆಟ್ಟಿರುತ್ತಿತ್ತು, ಹಾಗೇ ಉಳಿದ. ಅವನ ಕೆಲಸವೇ ಅದು, ಮಿಯಾಪುರದ ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳ ಲಿಫ್ಟ್ ರಿಪೇರಿ. ಅಲ್ಲೇ ಒಂದು ಕೋಣೆ ಮಾಡಿಕೊಂಡಿದ್ದ. ಚಳಿಗಾಲದಲ್ಲಿ ಕೆಮ್ಮು ಹತ್ತಿತು. "ಲಿಫ್ಟಿನ ಗುಂಡಿಯಾಗ ಧೂಳ ಇರತೈತಿ ಅಕ್ಕಾ" ಎಂದ. ಕೆಮ್ಮು ಬೇಸಿಗೆಯವರೆಗೂ ಬಂತು. ತೋರಿಸಿದಾಗ ಕ್ಷಯ ಎಂದರು. ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿಗೆ ಕರೆತಂದೆ. ಈಗ ಮಾತ್ರೆ ಕೆಲಸ ಮಾಡುತ್ತಿವೆ, ಕೆಮ್ಮು ತಗ್ಗಿದೆ, ಇನ್ನೊಬ್ಬರಿಗೆ ಅಂಟುವ ಭಯವಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಆದರೆ ತೂಕ ಮಾತ್ರ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಇಳಿಯುತ್ತಿದೆ. "ರೋಜು ರೆಂಡು ಗುಡ್ಲು ಪೆಟ್ಟಂಡಿ ಅಮ್ಮಾ" ಎಂದು ತೆಲುಗಿನಲ್ಲಿ ನನಗೆ ತಾಕೀತು ಮಾಡಿದರು. ದಿನಕ್ಕೆ ಎರಡು ಮೊಟ್ಟೆ. ಬರುವ ಗುರುವಾರ ಮತ್ತೆ ತೂಕ ನೋಡುತ್ತಾರೆ. ಇನ್ನೂ ಇಳಿದಿದ್ದರೆ ವಾರ್ಡಿಗೆ ಸೇರಿಸಿಕೊಳ್ಳುತ್ತಾರಂತೆ. ಆ ವಾರ್ಡಿಗೆ ನಮ್ಮ ಅಪ್ಪ ತಮ್ಮ ಕಾಲಮೇಲೆ ನಡೆದು ಹೋದವರು. ಬರುವಾಗ ನಡೆದು ಬರಲಿಲ್ಲ. ಹಾಗಾಗಿ ಗುರುವಾರ ಎಂಬ ಮಾತು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಕ್ಯಾಲೆಂಡರ್ ಮಾತ್ರ ನಾಚಿಕೆಯಿಲ್ಲದೆ ತೋರಿಸುತ್ತಿರುತ್ತದೆ.

ನಮ್ಮದು ಮೊಟ್ಟೆ ಕಂಡ ಮನೆಯಲ್ಲ. ಭಾಲ್ಕಿಯಲ್ಲಿರುವ ನಮ್ಮತ್ತೆಗೆ ಫೋನು ಮಾಡಿ ಅಪ್ಪಣೆ ಕೇಳಿದೆ. ಅವರು, "ಔಷಧ ಅಂದಮ್ಯಾಲ ಔಷಧ. ಕೊಡವ್ವಾ. ಆದ್ರ ಒಲಿ ಮ್ಯಾಲ ಬ್ಯಾಡ. ನಿನ್ನ ಬಾಯಾಗಂತೂ ಹೋಗಬಾರದು, ನೋಡು" ಎಂದರು. ಬಾಲ್ಕನಿಯಲ್ಲಿ ಬೇರೆ ಕರೆಂಟ್ ಒಲೆ ಇಟ್ಟೆ. ಬೇರೆ ಪಾತ್ರೆ, ಬೇರೆ ಚಮಚ, ಬೇರೆ ಇಕ್ಕಳ. ಸೆರಗನ್ನು ಮೂಗಿಗೆ ಸುತ್ತಿಕೊಂಡು ಮೊಟ್ಟೆ ಬೇಯಿಸಿ, ಇಕ್ಕಳದಲ್ಲಿ ಹಿಡಿದು, ಕೈ ಎಷ್ಟು ಉದ್ದವಿದೆಯೋ ಅಷ್ಟು ದೂರ ಮಾಡಿಕೊಂಡು ಅವನ ಕೋಣೆಗೆ ತರುತ್ತೇನೆ. ಅವನು ಮೊಟ್ಟೆಯನ್ನು ನೋಡುತ್ತಾನೆ, ನನ್ನನ್ನು ನೋಡುತ್ತಾನೆ, "ಒಲ್ಲೆ ಅಕ್ಕಾ, ಹೊಟ್ಟಿ ತುಂಬೈತಿ" ಎನ್ನುತ್ತಾನೆ. ಆಮೇಲೆ ಗೋಡೆಗೆ ಮುಖ ಮಾಡಿ ಫೋನಿನಲ್ಲಿ ಆಟ ಆಡುತ್ತಾನೆ.

ಆ ಆಟದ ಬಗ್ಗೆ ನನಗೆ ಬಲವಾದ ಅಭಿಪ್ರಾಯಗಳಿವೆ. ನಾವು ಸಣ್ಣವರಿದ್ದಾಗ ಅಂಗಡಿಗಳಲ್ಲಿ ಬೀರುವಿನಷ್ಟು ಎತ್ತರದ ಪೆಟ್ಟಿಗೆಗಳಿದ್ದವಲ್ಲ, ಬಿಲ್ಲೆ ಹಾಕಿ ಆಡುವ ಬಡಿದಾಟದ ಆಟಗಳು, ಅವನ್ನೇ ಯಾರೋ ಈಗ ಫೋನಿಗೆ ಇಳಿಸಿದ್ದಾರೆ. ಒಬ್ಬ ದಪ್ಪ ತೋಳಿನ ಮನುಷ್ಯ ಪರದೆಯ ಎಡಗಡೆಯಿಂದ ಬಲಗಡೆಗೆ ನಡೆಯುತ್ತಾನೆ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಬಡಿಯುತ್ತಾನೆ. ಅಷ್ಟೇ ಕಥೆ. ಏಟು ತಿನ್ನುವವರು ಮೂರೇ ಮಂದಿ; ಅಂಗಿಯ ಬಣ್ಣ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಾರೆ. ಬಿದ್ದವನ ಮನೆಗೆ ಯಾರೂ ಸುದ್ದಿ ಮುಟ್ಟಿಸುವುದಿಲ್ಲ. ಒಂದು ನಿಮಿಷ ಸುಮ್ಮನೆ ನಿಂತರೆ ಬಲಗಡೆಗೆ ಒಂದು ಬಾಣ ಮಿನುಗುತ್ತದೆ, ಮುಂದೆ ಹೋಗು, ಮುಂದೆ ಹೋಗು ಎಂದು. ಬಂದ ದಾರಿಗೆ ತಿರುಗಿದರೆ ಪರದೆ ಗೋಡೆಯಂತೆ ತಡೆಯುತ್ತದೆ. ಚಿಕ್ಕಂದಿನಲ್ಲಿ ಇದು ನನಗೆ ವಿಚಿತ್ರ ಎನಿಸಿರಲಿಲ್ಲ. ಈಗ ಅಡುಗೆಮನೆಯಿಂದ ನೋಡುವಾಗ, ಇಂಥ ದುಃಖದ ಆಟವನ್ನು ಮಕ್ಕಳ ಕೈಗೆ ಯಾರಾದರೂ ಕೊಡುತ್ತಾರೆಯೇ ಅನಿಸುತ್ತದೆ.

ಇನ್ನೊಂದು ಆಕ್ಷೇಪಣೆ ಲಿಫ್ಟಿನದು. ಇಂಥ ಪ್ರತಿಯೊಂದು ಆಟದಲ್ಲೂ ಒಂದು ಲಿಫ್ಟು ಬರುತ್ತದೆ. ಅದು ಮೇಲಕ್ಕೆ ಹೋಗುತ್ತಿರುವಾಗ ಮೇಲಿನಿಂದ ರೌಡಿಗಳು ದುಡುದುಡು ಧುಮುಕುತ್ತಾರೆ. ಶರಣು ಲಿಫ್ಟಿನ ಕೆಲಸಕ್ಕೆ ಸೇರಿದ್ದಕ್ಕೂ ಇದಕ್ಕೂ ಸಂಬಂಧವಿದೆ ಎಂದು ನನ್ನ ನಂಬಿಕೆ. ಒಮ್ಮೆ ಕೇಳಿದೆ. "ಇಪ್ಪತ್ತೆರಡು ವರ್ಷ ಕಾದೆ ಅಕ್ಕಾ, ಒಬ್ಬ ರೌಡಿನೂ ಬೀಳಲಿಲ್ಲ. ಬಿದ್ದದ್ದು ಒಂದು ಸ್ಪ್ಯಾನರ್. ಅದೂ ನನ್ನ ಕಾಲಮ್ಯಾಲ" ಎಂದ. ಅವತ್ತು ಅವನು ನಕ್ಕ. ಲೆಕ್ಕ ಹಾಕಿದರೆ ಈ ತಿಂಗಳಲ್ಲಿ ನಕ್ಕಿದ್ದು ಅದೊಂದೇ ಸಲ.

ಎಲ್ಲಕ್ಕಿಂತ ದೊಡ್ಡ ಆಕ್ಷೇಪಣೆ ಊಟದ ವಿಷಯದಲ್ಲಿ. ನಾಯಕನಿಗೆ ಏಟು ಬಿದ್ದಂತೆಲ್ಲ ಪರದೆಯ ಮೇಲ್ತುದಿಯ ಹಳದಿ ಪಟ್ಟಿ ಸಣ್ಣಗಾಗುತ್ತದೆ. ಅದನ್ನು ನಾವು ಲೈಫ್ ಅನ್ನುತ್ತಿದ್ದೆವು. ಅದು ತುಂಬಬೇಕಾದರೆ ಬೀದಿಯಲ್ಲಿರುವ ಡ್ರಮ್ಮನ್ನು ಒದ್ದು ಒಡೆಯಬೇಕು. ಒಳಗೆ, ಯಾವ ಪುಣ್ಯಾತ್ಮರು ಇಟ್ಟಿರುತ್ತಾರೋ, ತಟ್ಟೆ ಸಮೇತ ಹುರಿದ ಇಡೀ ಕೋಳಿ ಇರುತ್ತದೆ! ಬೀದಿಯ ಡ್ರಮ್ಮು, ಮುಚ್ಚಳವಿಲ್ಲ, ಯಾವತ್ತು ಹುರಿದದ್ದೋ. ಅದನ್ನು ನಾಯಕ ಕೈ ಕೂಡ ತೊಳೆಯದೆ ಬಗ್ಗಿ ತಿನ್ನುತ್ತಾನೆ. ಪಟ್ಟಿ ತುಂಬುತ್ತದೆ. ತಡಮಾಡಿದರೆ ಕೋಳಿ ಮಿಣಕ್ ಮಿಣಕ್ ಎಂದು ಮಿನುಗಿ ಮಾಯವಾಗುತ್ತದೆ.

ಇದೆಲ್ಲ ನನಗೆ ಹೇಗೆ ಗೊತ್ತು ಎಂದರೆ, ನಾನೂ ಆಡಿದವಳು. ಅಪ್ಪನ ನೌಕರಿ ಇದೇ ಊರಿನ ಸರ್ಕಾರಿ ಕಾರ್ಖಾನೆಯಲ್ಲಿ. ನಮ್ಮ ಮನೆ ಆಗ ದಿಲ್‌ಸುಖ್‌ನಗರದಲ್ಲಿತ್ತು. ಸೋಮವಾರ ಸಂಜೆ ಅವ್ವ ಶಿವನ ಗುಡಿಗೆ ಹೋಗುತ್ತಿದ್ದಳು. ಆ ಒಂದು ತಾಸು ನಮ್ಮದು. ಶರಣುವನ್ನು ಹುಡುಕಿ ತರಲು ಮೂಲೆಯ ಅಂಗಡಿಗೆ ಹೋದ ನಾನು, ಎರಡನೆಯ ಹಿಡಿಕೆ ಖಾಲಿಯಿರುವುದನ್ನು ನೋಡಿ ಅಲ್ಲೇ ನಿಂತುಬಿಟ್ಟೆ. ಎರಡು ಜಡೆ, ಹಣೆಗೆ ವಿಭೂತಿ, ಕೈಯಲ್ಲಿ ರೌಡಿಯ ಕೊರಳಪಟ್ಟಿ. ಅಂಗಡಿಯ ಚಾಚಾ, "ಬಟನ್ ಕು ಮಾರೋ ಅಮ್ಮಾ, ಮಶೀನ್ ಕು ನಕ್ಕೋ" ಎಂದು ಗೋಗರೆಯುತ್ತಿದ್ದರು. ಬಟನ್ನಿಗೆ ಹೊಡಿ, ಮಶೀನಿಗೆ ಬೇಡ ಎಂದು. ನಾನು ಎರಡಕ್ಕೂ ಹೊಡೆಯುತ್ತಿದ್ದೆ.

ಆ ದಿನಗಳ ಬಗ್ಗೆ ನಾನು ಎಲ್ಲರಿಗೂ ಹೇಳುವ ಕಥೆಯೊಂದಿದೆ. ನಮ್ಮ ಶರಣು ಎಂಥ ಆಚಾರವಂತ ಎಂದರೆ, ಆಟದಲ್ಲಿ ಕೂಡ ಸೋಮವಾರ ಕೋಳಿ ಮುಟ್ಟುತ್ತಿರಲಿಲ್ಲ. ಲೈಫು ನೂಲಿನ ಎಳೆಯಷ್ಟು ಉಳಿದಿದ್ದರೂ ಸರಿ, ಡ್ರಮ್ಮಿನಲ್ಲಿ ಸೇಬು ಬಂದರೆ ತಿನ್ನುತ್ತಿದ್ದ. ಕೋಳಿ ಬಂದರೆ ಅದನ್ನು ಬಿಟ್ಟು, ಮುಂದಿನ ರೌಡಿಯ ಕೈಯಲ್ಲಿ ಸತ್ತು, ಮನೆಗೆ ಬರುತ್ತಿದ್ದ. ಈ ಕಥೆಯನ್ನು ನಮ್ಮತ್ತೆಗೆ ಹೇಳಿ ಮೆಚ್ಚುಗೆ ಗಳಿಸಿದ್ದೇನೆ. ಡಾಕ್ಟರಮ್ಮನಿಗೂ ಹೇಳಿದೆ. ಇಂಥವನು ಮೊಟ್ಟೆ ಹೇಗೆ ತಿಂದಾನು ಅಮ್ಮಾ, ಎಂದು. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು.

ಇವತ್ತು ವಾಚ್‌ಮನ್‌ನ ಮನೆಯಿಂದ ಬಂದವಳು ಶರಣುವಿನ ಮಂಚದ ತುದಿಯಲ್ಲಿ ಕೂತೆ. ಅವನ ಫೋನಿನಲ್ಲಿ ಆಗಷ್ಟೇ ಒಂದು ಡ್ರಮ್ಮು ಒಡೆಯಿತು. ಕೋಳಿ. ಅವನು ಒಂದು ಕ್ಷಣವೂ ಯೋಚಿಸದೆ ಬಗ್ಗಿ ತಿಂದ.

"ಅಯ್ಯ, ಇವತ್ತ ಸೋಮವಾರ ಅಲ್ಲೇನೋ!" ಎಂದೆ.

"ಹೌದು."

"ಮತ್ತ ತಿಂದಿ? ಸಣ್ಣಾಂವ ಇದ್ದಾಗ ಮುಟ್ಟತಿದ್ದಿಲ್ಲ."

ಅವನು ಫೋನು ಎದೆಯ ಮೇಲೆ ಇಟ್ಟುಕೊಂಡ. "ನಾನು ಮುಟ್ಟತಿದ್ದಿಲ್ಲಾ? ನೀ ಮುಟ್ಟಗೊಡತಿದ್ದಿಲ್ಲ ಅಕ್ಕಾ! ಕೋಳಿ ಬಿತ್ತಂದ್ರ ಓಡಿಬಂದು ಅದರ ಮ್ಯಾಲ ನಿಂದರತಿದ್ದಿ. ನಾ ಹತ್ರ ಬಂದ್ರ ಒದಿತಿದ್ದಿ."

"ನಾನಾ?"

"ಮತ್ತ ಯಾರು, ಚಾಚಾನಾ? 'ಸೋಮವಾರ ಐತಿ, ಅವ್ವಗ ಹೇಳತೀನಿ' ಅಂತ ಒದರೂದು, ಒದಿಯೂದು. ರೌಡಿಗೋಳು ಅರ್ಧಾ ಬಡೀತಿದ್ರು. ಉಳದದ್ದು ನೀನ ಬಡದು ಮುಗಿಸ್ತಿದ್ದಿ."

ಆ ಆಟದಲ್ಲಿ ಜೊತೆಗಾರನ ಏಟು ಜೊತೆಗಾರನಿಗೂ ತಾಗುತ್ತಿತ್ತು. ಅದು ನಿಜ. ಅದನ್ನು ನಾನು ಮರೆತಿರಲಿಲ್ಲ. ಅದನ್ನು ಬಿಟ್ಟು ಕಥೆ ಹೇಳುವುದು ರೂಢಿಯಾಗಿತ್ತು, ಅಷ್ಟೇ. ಮೂವತ್ತು ವರ್ಷ ಅವನ ತಲೆಗೆ ಕಟ್ಟಿದ್ದ ಆಚಾರ ನನ್ನದು. ಅವನು ಪಾಪ, ಹಸಿದು ಸತ್ತವನು.

"ಹೋಗಲಿ ಬಿಡು. ಈಗಂತೂ ನಾ ಒದಿಯಂಗಿಲ್ಲಲ್ಲ. ದಿನಾ ತತ್ತಿ ಕುದಿಸಿ ಕೈಯಾಗ ತಂದು ಕೊಡತೀನಿ. ತಿನ್ನಲಿಕ್ಕೆ ಏನು ಧಾಡಿ ನಿನಗ?"

ಅವನು ತುಸು ಹೊತ್ತು ಕೆಮ್ಮಿದ. ಆಮೇಲೆ ಮೆಲ್ಲಗೆ ಹೇಳಿದ: "ಕೈಯಾಗ ಎಲ್ಲಿ ತರತಿ ಅಕ್ಕಾ, ಇಕ್ಕಳದಾಗ ತರತಿ. ಮೂಗಿಗೆ ಸೆರಗ ಕಟ್ಟಕೊಂಡು, ಸತ್ತ ಇಲಿ ಹಿಡದಂಗ. ಮಿಯಾಪುರದಾಗ ಮೆಸ್ಸಿನವ ದಿನಾ ಕೊಡತಿದ್ದ, ದಿನಾ ತಿಂತಿದ್ದೆ. ಇಲ್ಲಿ ನಿನ್ನ ಮಾರಿ ನೋಡಿದ್ರ ಗಂಟಲದಾಗ ಇಳಿಯಂಗಿಲ್ಲ. ಇದನ್ನ ತಿಂದ್ರ ನಾಳೆ ನನ್ನೂ ಬಾಲ್ಕನಿಗೆ ಹಾಕ್ತಿ ಅನಸತೈತಿ."

ನನಗೆ ಜಗಳವಾಡಬೇಕು ಅನಿಸಿತು. ಹದಿನೆಂಟು ದಿನ ಪಾರಿವಾಳಗಳ ನಡುವೆ ನಿಂತು ನಾನು ಮಾಡಿದ ಸೇವೆ ಎಂಥದು, ಎಂದು ಬಾಯಿ ತೆರೆದೆ. ಅವನ ಮಣಿಕಟ್ಟು ಕಣ್ಣಿಗೆ ಬಿತ್ತು. ಗಡಿಯಾರದ ಪಟ್ಟಿಗೆ ಹೊಸದಾಗಿ ಮೊಳೆಯಿಂದ ತೂತು ಮಾಡಿಕೊಂಡಿದ್ದ. ಅದರೊಳಗೂ ಕೈ ಆಡುತ್ತಿತ್ತು. ಬಾಯಿ ಮುಚ್ಚಿದೆ. ಅಡುಗೆಮನೆಗೆ ಹೋದೆ. ಬೆಳಿಗ್ಗೆ ತುಂಬಿಸಿದ ಡ್ರಮ್ಮು ಮೂಲೆಯಲ್ಲಿತ್ತು. ಮುಚ್ಚಳ ತೆಗೆದು ನೋಡಿದೆ. ನೀರು, ಅದರಲ್ಲಿ ನನ್ನ ಮುಖ. ಇವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಮುಖ ಎದುರಿಗಿದ್ದರೆ ನನಗೂ ಹೋಳಿಗೆ ಇಳಿಯುತ್ತಿರಲಿಲ್ಲ.

ಸಂಜೆ ನಮ್ಮವರು ಕೆಲಸದಿಂದ ಬಂದಾಗ ಎರಡು ಮೊಟ್ಟೆ ಒಳಗಿನ ಒಲೆಯ ಮೇಲೆ ಕುದಿಯುತ್ತಿದ್ದವು. ದಿನಾ ಹಾಲು ಕಾಯುವ ಒಲೆ. ಅವರು ಚಪ್ಪಲಿ ಬಿಡುವುದನ್ನು ಮರೆತು ಬಾಗಿಲಲ್ಲೇ ನಿಂತರು.

"ಏನಿದು? ಅವ್ವ ಬಂದ್ರ?" ಎಂದರು.

"ಅತ್ತಿಯವರು ಬಂದ್ರ ಒಲಿ ತೊಳದ್ರಾತು. ನೀವು ಸಿಪ್ಪಿ ಬಿಡಿಸಿ ಕೊಡ್ರಿ, ನನಗ ಬರಂಗಿಲ್ಲ" ಎಂದೆ.

ಅವರು ಕೈ ತೊಳೆದು ಬಂದರು. ಮೊಟ್ಟೆಯನ್ನು ತಣ್ಣೀರಲ್ಲಿ ಹಾಕಿ, ಕಟ್ಟೆಯ ಮೇಲೆ ಹಗುರವಾಗಿ ಉರುಳಿಸಿ, ಸಿಪ್ಪೆಯನ್ನು ಒಂದೇ ಸುರುಳಿಯಾಗಿ ಬಿಡಿಸಿದರು. ನನ್ನ ಹೊಲಿಗೆ ಡಬ್ಬಿಯಿಂದ ದಾರ ತೆಗೆದು ನಡುವೆ ಎಳೆದು ಸರಿಯಾಗಿ ಎರಡೆರಡು ಹೋಳು ಮಾಡಿ, ಮೇಲೆ ಉಪ್ಪು, ಖಾರ ಉದುರಿಸಿದರು. ತಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬರೀ ಉಪ್ಪಿಟ್ಟು ಎಂದು ಇಪ್ಪತ್ತು ವರ್ಷದಿಂದ ಹೇಳುತ್ತಾ ಬಂದ ಮನುಷ್ಯ. ಆ ಕೈಚಳಕ ನೋಡಿದ ಮೇಲೆ ನನಗೆ ಕೆಲವು ಪ್ರಶ್ನೆಗಳು ಹುಟ್ಟಿವೆ. ಗುರುವಾರ ಕಳೆಯಲಿ ಎಂದು ಬಿಟ್ಟಿದ್ದೇನೆ.

ತಟ್ಟೆಯನ್ನು ನಾನೇ ಕೈಯಲ್ಲಿ ಹಿಡಿದು ತಂದೆ. ಬರಿಗೈಯಲ್ಲಿ. ಶರಣು ಎದ್ದು ಕೂತ. "ನೀ ಆ ಕಡೆ ನೋಡು ಅಕ್ಕಾ" ಎಂದ. ಕ್ಯಾಲೆಂಡರ್ ಕಡೆಗೆ ತಿರುಗಿ ಕೂತೆ. ಸೋಮವಾರ, ಮಂಗಳವಾರ, ಬುಧವಾರ. ದಿನಕ್ಕೆ ಎರಡರಂತೆ ಇನ್ನು ಎಷ್ಟು ಮೊಟ್ಟೆಗೆ ಒಬ್ಬ ಮನುಷ್ಯನ ತೂಕ ಏರುತ್ತದೆ? ಹದಿನೆಂಟು ದಿನ ಹಾಳು ಮಾಡಿದವಳು ಲೆಕ್ಕ ಹಾಕುತ್ತಾ ಕೂತಿದ್ದೆ. ಹಿಂದೆ ಅಗಿಯುವ ಸದ್ದು ಕೇಳಿತು. ಮೂರು ಹೋಳಿನವರೆಗೆ ಕೇಳಿತು. ನಾಲ್ಕನೆಯದಕ್ಕೆ ತಟ್ಟೆ ನನ್ನ ಮೊಣಕೈಗೆ ತಗುಲಿತು.

"ಇದು ನಿಂದು. ಬೆಳಗಿನಿಂದ ಉಪವಾಸ ಇದ್ದಿ, ನಿನ್ನ ಲೈಫೂ ಕಡಿಮಿ ಐತಿ" ಎಂದ.

"ಸೋಮವಾರ ಐತಲೆ!"

"ಒದಿಲೇನು?" ಎಂದು ನಕ್ಕ. ಈ ತಿಂಗಳ ಎರಡನೆಯದು.

ರಾತ್ರಿ ಊಟ: ನಮ್ಮವರಿಗೆ ಎರಡು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ. ಶರಣುವಿಗೆ ಒಂದು ರೊಟ್ಟಿ, ಮೊಸರನ್ನ. ಅದಕ್ಕೂ ಮೊದಲು ಒಂದೂವರೆ ಮೊಟ್ಟೆ. ನನಗೆ ಎರಡು ಬಾಳೆಹಣ್ಣು, ಒಂದು ಲೋಟ ಹಾಲು. ಉಳಿದ ಅರ್ಧ ಮೊಟ್ಟೆ ಏನಾಯಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮತ್ತೆ ಕನ್ನಡಕ ಹಾಕಿಕೊಂಡು ಅಚ್ಚಾದದ್ದನ್ನೆಲ್ಲ ಓದುತ್ತಾರೆ. ಮೊದಲು ಮಲಗಿದ್ದು ಶರಣು, ಎಂಟೂವರೆಗೆಲ್ಲ, ಫೋನು ಎದೆಯ ಮೇಲೆ ಹಾಗೇ ಇತ್ತು. ಪರದೆಯಲ್ಲಿ ಬಾಣ ಮಿನುಗುತ್ತಿತ್ತು, ಮುಂದೆ ಹೋಗು, ಮುಂದೆ ಹೋಗು ಎಂದು. ಅದನ್ನು ಆರಿಸಿ ಪಕ್ಕಕ್ಕಿಟ್ಟೆ. ಆಮೇಲೆ ನಮ್ಮವರು ಮಲಗಿದರು. ನಾನಿನ್ನೂ ಮಲಗಿಲ್ಲ; ಇನ್ನೊಮ್ಮೆ ಬಾಯಿ ಮುಕ್ಕಳಿಸುವುದಿದೆ.